75 ಸೆಂಟು, ಅರ್ಧ ಸೆಕೆಂಡು: ಲೆಕ್ಕ ತಾಳೆಯಾಗದೆ ಸಿಕ್ಕಿಬಿದ್ದ ಕಳ್ಳರ ಕಥೆ

ಇವತ್ತಿನ ಸಂಚಿಕೆಯನ್ನ ಒಂದು ಟ್ರಯಲ್ ಬ್ಯಾಲೆನ್ಸ್‌ನಿಂದ ಶುರು ಮಾಡ್ತೀನಿ. ಗಾಬರಿ ಆಗ್ಬೇಡಿ, ಇದು ಕಾಮರ್ಸ್ ಕ್ಲಾಸ್ ಅಲ್ಲ.

ನಾನು ಬಿಕಾಂ ಓದುವಾಗ ನಮ್ಮ ಅಕೌಂಟೆನ್ಸಿ ಮೇಷ್ಟ್ರು ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಎರಡೂ ಕಡೆಯ ಮೊತ್ತದಲ್ಲಿ ಎರಡು ರೂಪಾಯಿ ವ್ಯತ್ಯಾಸ ಬಂದ್ರೂ ಬಿಡ್ತಿರ್ಲಿಲ್ಲ. "ಸಾರ್, ನನ್ನ ಜೇಬಿಂದ ಎರಡು ರೂಪಾಯಿ ಕೊಡ್ತೀನಿ, ಬಿಟ್ಬಿಡಿ" ಅಂತ ನಮ್ಮ ಕ್ಲಾಸಲ್ಲಿ ಒಬ್ಬ ಹೇಳಿದ್ದ. ಮೇಷ್ಟ್ರು ನಗ್ಲಿಲ್ಲ. ಸಣ್ಣ ವ್ಯತ್ಯಾಸ ಅಂದ್ರೆ ಸಣ್ಣ ತಪ್ಪು ಅಂತ ಅರ್ಥ ಅಲ್ಲ, ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಬರೀ ಎರಡು ರೂಪಾಯಿ ಹೊರಗೆ ಇಣುಕ್ತಾ ಇರಬಹುದು ಅಂದ್ರು. ಆಗ ಅದು ಬೋರಿಂಗ್ ಮಾತು ಅನ್ಸಿತ್ತು. ಆಮೇಲೆ ಕಂಪ್ಯೂಟರ್ ಸೆಕ್ಯುರಿಟಿಯ ಇತಿಹಾಸ ಓದೋಕೆ ಶುರು ಮಾಡಿದ ಮೇಲೆ ಗೊತ್ತಾಯ್ತು, ಅಲ್ಲಿನ ಎರಡು ದೊಡ್ಡ ಕಥೆಗಳು ಶುರುವಾಗೋದೇ ಇಂಥ ಚಿಲ್ಲರೆ ವ್ಯತ್ಯಾಸದಿಂದ. ಒಂದು 1986ರದ್ದು, ಇನ್ನೊಂದು 2024ರದ್ದು.

ಮೊದಲನೇ ವ್ಯತ್ಯಾಸ: 75 ಸೆಂಟು

1986ರ ಆಗಸ್ಟ್. ಅಮೆರಿಕದ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಲ್ಯಾಬ್. ಕ್ಲಿಫರ್ಡ್ ಸ್ಟೋಲ್ ಅಂತ ಒಬ್ಬ ಖಗೋಳ ವಿಜ್ಞಾನಿ. ಅವರ ಪ್ರಾಜೆಕ್ಟ್‌ನ ಹಣ ಮುಗಿದಿತ್ತು, ಹಾಗಾಗಿ ಲ್ಯಾಬ್‌ನ ಕಂಪ್ಯೂಟರ್ ವಿಭಾಗಕ್ಕೆ ಹಾಕಿದ್ರು. ಆಗೆಲ್ಲ ಕಂಪ್ಯೂಟರ್ ಅಂದ್ರೆ ಒಬ್ಬೊಬ್ಬರಿಗೆ ಒಂದೊಂದು ಅಲ್ಲ. ಒಂದೇ ದೊಡ್ಡ ಯಂತ್ರ, ನೂರಾರು ಜನ ಅದನ್ನ ಬಳಸೋರು. ಯಾರು ಎಷ್ಟು ಹೊತ್ತು ಬಳಸಿದ್ರು ಅಂತ ಲೆಕ್ಕ ಇಟ್ಟು ಆಯಾ ವಿಭಾಗಕ್ಕೆ ಬಿಲ್ ಕಳಿಸ್ತಿದ್ರು.

ಆ ಲೆಕ್ಕ ಇಡೋದಕ್ಕೆ ಲ್ಯಾಬಲ್ಲಿ ಎರಡು ಪ್ರೋಗ್ರಾಂ ಇದ್ವು. ಒಂದು ಯುನಿಕ್ಸ್ ಜೊತೆಗೇ ಬಂದಿದ್ದು, ಇನ್ನೊಂದು ಲ್ಯಾಬಿನವರೇ ಬರೆದುಕೊಂಡಿದ್ದು. ಆ ತಿಂಗಳು ಎರಡೂ ತಾಳೆಯಾಗ್ಲಿಲ್ಲ. ವ್ಯತ್ಯಾಸ 75 ಸೆಂಟು. ಅಂದ್ರೆ ಕಂಪ್ಯೂಟರ್ ಸಮಯದಲ್ಲಿ ಹೇಳೋದಾದ್ರೆ ಸುಮಾರು 9 ಸೆಕೆಂಡು. ಹೊಸದಾಗಿ ಬಂದ ಸ್ಟೋಲ್‌ಗೆ "ಇದೇನು ನೋಡಪ್ಪ" ಅಂತ ಆ ಕೆಲಸ ಕೊಟ್ರು.

ಅವರು ಅದನ್ನ ರೌಂಡ್ ಆಫ್ ತಪ್ಪು ಅಂತ ಬರೆದು ಫೈಲ್ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಹುಡುಕಿದಾಗ ಹಂಟರ್ ಅನ್ನೋ ಹೆಸರಿನ ಒಂದು ಖಾತೆ ಸಿಕ್ತು. ಅದಕ್ಕೆ ಬಿಲ್ ಕಳಿಸೋ ವಿಳಾಸವೇ ಇರ್ಲಿಲ್ಲ. ಯಾರೋ ಹೊರಗಿನವನು ಒಳಗೆ ಬಂದು ಖಾತೆ ತೆರೆದಿದ್ದ. ಅವನು ಹೇಗೆ ಅಡ್ಮಿನ್ ಆದ ಅನ್ನೋದೇ ಕುತೂಹಲದ ಭಾಗ. ಜಿಎನ್‌ಯು ಇಮ್ಯಾಕ್ಸ್ ಅನ್ನೋದು ಉಚಿತ, ಮುಕ್ತ ತಂತ್ರಾಂಶ. ಇವತ್ತಿಗೂ ತುಂಬಾ ಜನ ಬಳಸ್ತಾರೆ. ಅದರಲ್ಲಿ ಮೇಲ್ ಫೈಲನ್ನ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸೋ ಚಿಕ್ಕ ಪ್ರೋಗ್ರಾಂ ಇತ್ತು. ಅದನ್ನ ಆ ಯಂತ್ರದಲ್ಲಿ ಹೊಂದಿಸಿದ್ದ ರೀತಿಯಿಂದಾಗಿ ಯಾರು ಬೇಕಾದ್ರೂ ಯಾವ ಫೈಲನ್ನ ಬೇಕಾದ್ರೂ ಸಿಸ್ಟಮ್ ಫೈಲ್‌ಗಳಿರೋ ಜಾಗಕ್ಕೂ ಹಾಕಬಹುದಿತ್ತು. ಕಳ್ಳ ತನ್ನದೊಂದು ನಕಲಿ ಪ್ರೋಗ್ರಾಂನ ಅಲ್ಲಿಟ್ಟ. ಸಿಸ್ಟಮ್ ಅದನ್ನ ತನ್ನದೇ ಅಂದುಕೊಂಡು ಪೂರ್ತಿ ಅಧಿಕಾರ ಕೊಟ್ಟು ಓಡಿಸ್ತು.

ನಮ್ಮ ಕಡೆ ಕೋಗಿಲೆ ಏನು ಮಾಡುತ್ತೆ ಅಂತ ಎಲ್ರಿಗೂ ಗೊತ್ತು. ಗೂಡು ಕಟ್ಟೋದು ಕಾಗೆ, ಮೊಟ್ಟೆ ಇಡೋದು ಕೋಗಿಲೆ. ಕಾಗೆ ತನ್ನದೇ ಮರಿ ಅಂತ ಕಾವು ಕೊಡುತ್ತೆ. ಸ್ಟೋಲ್ 1989ರಲ್ಲಿ ಈ ಕಥೆಯನ್ನ ಪುಸ್ತಕ ಮಾಡಿದಾಗ ಅದಕ್ಕಿಟ್ಟ ಹೆಸರೂ 'ದಿ ಕುಕೂಸ್ ಎಗ್' ಅಂತಲೇ.

ಮುಂದಿನದ್ದು ಬೇಗ ಹೇಳ್ತೀನಿ. ಒಂದು ವಾರಾಂತ್ಯ ಆಫೀಸಲ್ಲಿ ಯಾರೂ ಇಲ್ಲದಾಗ ಸ್ಟೋಲ್ ಸಹೋದ್ಯೋಗಿಗಳ ಮೇಜಿನ ಮೇಲಿದ್ದ ಟರ್ಮಿನಲ್, ಪ್ರಿಂಟರ್‌ಗಳನ್ನೆಲ್ಲ ಎತ್ತಿಕೊಂಡು ಬಂದು ಹೊರಗಿನಿಂದ ಬರೋ 50 ಫೋನ್ ಲೈನ್‌ಗಳಿಗೆ ಜೋಡಿಸಿ, ಅಲ್ಲೇ ಮಲಗಿ ಕಾದ್ರು. ಕಳ್ಳ ಒತ್ತಿದ ಒಂದೊಂದು ಕೀ ಕಾಗದದ ಮೇಲೆ ಬಂತು. ಅವನು ಇವರ ಯಂತ್ರವನ್ನ ಮೆಟ್ಟಿಲು ಮಾಡಿಕೊಂಡು ಅಮೆರಿಕದ ಸೈನ್ಯದ ಕಂಪ್ಯೂಟರ್‌ಗಳ ಬಾಗಿಲು ತಟ್ಟುತ್ತಾ ಇದ್ದ. ತಿಂಗಳುಗಟ್ಟಲೆ ಬೆನ್ನು ಹತ್ತಿದ ಮೇಲೆ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ನಿಲ್ತು. ಹೆಸರು ಮಾರ್ಕಸ್ ಹೆಸ್. ಅವನು ಮತ್ತವನ ಜೊತೆಗಾರರು ಕದ್ದ ಮಾಹಿತಿಯನ್ನ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರ್ತಾ ಇದ್ರು. 1990ರಲ್ಲಿ ಜರ್ಮನಿಯ ಕೋರ್ಟ್ ಅವರನ್ನ ತಪ್ಪಿತಸ್ಥರು ಅಂತ ಹೇಳ್ತು.

75 ಸೆಂಟಿನ ಹಿಂದೆ ಇಷ್ಟಿತ್ತು.

ಮಧ್ಯೆ ಬಂದ ಒಂದು ಬೀಗ

ಆ ಕಾಲದಲ್ಲಿ ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗೋದು ಅಂದ್ರೆ ಪೋಸ್ಟ್‌ಕಾರ್ಡಲ್ಲಿ ಪಾಸ್‌ವರ್ಡ್ ಬರೆದು ಕಳಿಸಿದ ಹಾಗೆ. ದಾರಿಯಲ್ಲಿ ಯಾರು ಬೇಕಾದ್ರೂ ಓದಬಹುದು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಲ್ಲಿ ಹೀಗೇ ಪಾಸ್‌ವರ್ಡ್‌ಗಳ ಕಳ್ಳತನ ಆಯ್ತು. ಅಲ್ಲಿದ್ದ ಟಾಟು ಯಲೋನೆನ್ ಎಸ್‌ಎಸ್‌ಎಚ್ ಅನ್ನೋ ತಂತ್ರಾಂಶ ಬರೆದ್ರು. ಅದು ಪೋಸ್ಟ್‌ಕಾರ್ಡನ್ನ ಸೀಲ್ ಮಾಡಿದ ಲಕೋಟೆ ಮಾಡ್ತು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡದವರು ಅದರ ಮುಕ್ತ ರೂಪ ಓಪನ್‌ಎಸ್‌ಎಸ್‌ಎಚ್ ಬಿಡುಗಡೆ ಮಾಡಿದ್ರು.

ನೀವು ಇದರ ಹೆಸರೂ ಕೇಳಿರಲಿಕ್ಕಿಲ್ಲ. ಆದ್ರೆ ನೀವು ಬಳಸೋ ಆ್ಯಪ್‌ಗಳ ಹಿಂದೆ ಎಲ್ಲೋ ಒಂದು ಸರ್ವರ್ ಇದೆಯಲ್ಲ, ಅದು ಲಿನಕ್ಸ್ ಆಗಿದ್ರೆ, ಅದನ್ನ ನೋಡ್ಕೊಳ್ಳೋ ಟೆಕ್ನಿಷಿಯನ್ ಸಾಮಾನ್ಯವಾಗಿ ಈ ಬಾಗಿಲಿಂದಲೇ ಒಳಗೆ ಹೋಗೋದು. ನಮ್ಮ ಎರಡನೇ ಕಥೆ ಈ ಬಾಗಿಲಿನದ್ದೇ.

ಎರಡನೇ ವ್ಯತ್ಯಾಸ: ಅರ್ಧ ಸೆಕೆಂಡು

2024ರ ಮಾರ್ಚ್. ಆಂಡ್ರೆಸ್ ಫ್ರಾಯಿಂಡ್ ಮೈಕ್ರೋಸಾಫ್ಟ್‌ನಲ್ಲಿ ಎಂಜಿನಿಯರ್. ಪೋಸ್ಟ್‌ಗ್ರೆಸ್ ಅನ್ನೋ ಮುಕ್ತ ಡೇಟಾಬೇಸ್‌ನ ಡೆವಲಪರ್ ಕೂಡ. ಅವರು ಸೆಕ್ಯುರಿಟಿ ಪರಿಣತರೇನಲ್ಲ. ಡೇಟಾಬೇಸ್‌ನ ವೇಗ ಅಳೀತಾ ಇದ್ರು. ಅಂಥ ಅಳತೆ ಮಾಡುವಾಗ ಯಂತ್ರದಲ್ಲಿ ಬೇರೆ ಗದ್ದಲ ಇರಬಾರದು. ನೋಡಿದ್ರೆ ಎಸ್‌ಎಸ್‌ಎಚ್ ಪ್ರೊಸೆಸ್‌ಗಳು ಸುಮ್ಮಸುಮ್ಮನೆ ಸಿಪಿಯು ತಿಂತಾ ಇವೆ. ಲಾಗಿನ್ ವಿಫಲವಾದಾಗ್ಲೂ ಅಷ್ಟೇ ಹೊರೆ. ಮೊದಲು ಸುಮಾರು 0.3 ಸೆಕೆಂಡಲ್ಲಿ ಮುಗೀತಿದ್ದ ಲಾಗಿನ್‌ಗೆ ಈಗ 0.8 ಸೆಕೆಂಡು.

ಅರ್ಧ ಸೆಕೆಂಡು. ನಾವಾಗಿದ್ರೆ ನೆಟ್ ಸ್ಲೋ ಇದೆ ಅಂದುಕೊಂಡು ಚಹಾ ಕುಡಿಯೋಕೆ ಹೋಗ್ತಿದ್ವಿ. ಫ್ರಾಯಿಂಡ್‌ಗೆ ಕೆಲವು ವಾರಗಳ ಹಿಂದೆ ಒಂದು ಪರೀಕ್ಷೆಯಲ್ಲಿ ಬಂದಿದ್ದ ವಿಚಿತ್ರ ಎಚ್ಚರಿಕೆಯೂ ನೆನಪಾಯ್ತು. ಎರಡನ್ನೂ ಜೋಡಿಸಿ ಅಗೆದ್ರು. ಜಾಡು ಹೋಗಿದ್ದು ಎಕ್ಸ್‌ಝಡ್ ಯುಟಿಲ್ಸ್ ಅನ್ನೋ ಕಡೆಗೆ. ಅದೊಂದು ಫೈಲ್ ಕುಗ್ಗಿಸೋ ತಂತ್ರಾಂಶ. ನಾವು ಜಿಪ್ ಮಾಡ್ತೀವಲ್ಲ, ಆ ಜಾತಿಯದ್ದು. ಮಾರ್ಚ್ 29ರಂದು ಅವರು ಜಗತ್ತಿಗೇ ತಿಳಿಸಿದ್ರು: ಇದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇದೆ. ಒಂದು ನಿರ್ದಿಷ್ಟ ಗುಪ್ತ ಕೀಲಿ ಇರೋನು ಎಸ್‌ಎಸ್‌ಎಚ್ ಮೂಲಕ ಪಾಸ್‌ವರ್ಡ್ ಇಲ್ಲದೆಯೇ ಆ ಯಂತ್ರದಲ್ಲಿ ಏನು ಬೇಕಾದ್ರೂ ಮಾಡಬಹುದು ಅನ್ನೋದು ಮುಂದಿನ ದಿನಗಳಲ್ಲಿ ಸ್ಪಷ್ಟವಾಯ್ತು. ಅಪಾಯದ ಅಂಕ 10ಕ್ಕೆ 10.

ಫೈಲ್ ಕುಗ್ಗಿಸೋ ತಂತ್ರಾಂಶಕ್ಕೂ ಬಾಗಿಲ ಬೀಗಕ್ಕೂ ಏನು ಸಂಬಂಧ? ನೇರ ಸಂಬಂಧ ಇಲ್ಲ. ಆದ್ರೆ ಕೆಲವು ಲಿನಕ್ಸ್‌ಗಳಲ್ಲಿ ಎಸ್‌ಎಸ್‌ಎಚ್‌ನ ಸಿಸ್ಟಮ್‌ಡಿ ಅನ್ನೋ ಮೇಲ್ವಿಚಾರಕನ ಜೊತೆ ಮಾತಾಡೋ ಹಾಗೆ ಜೋಡಿಸಿರ್ತಾರೆ. ಆ ಸಿಸ್ಟಮ್‌ಡಿಯ ಲೈಬ್ರರಿ ಎಕ್ಸ್‌ಝಡ್‌ನ ಲೈಬ್ರರಿಯನ್ನ ಜೊತೆಗೆ ಕರ್ಕೊಂಡು ಬರುತ್ತೆ. ಮದುವೆ ಮನೆಗೆ ನೆಂಟರ ನೆಂಟರಾಗಿ ಬಂದು ಒಡವೆ ಕೋಣೆ ಹೊಕ್ಕ ಹಾಗೆ.

ಇನ್ನೊಂದು ಚಾಲಾಕಿತನ ನೋಡಿ. ಮುಕ್ತ ತಂತ್ರಾಂಶದಲ್ಲಿ ಕೋಡ್ ಎಲ್ರಿಗೂ ಕಾಣೋ ಹಾಗೆ ಗಿಟ್ ಅನ್ನೋ ದಿನವಹಿಯಲ್ಲಿ ಇರುತ್ತೆ. ಬಿಡುಗಡೆ ಮಾಡುವಾಗ ಎಲ್ಲವನ್ನೂ ಸೇರಿಸಿ ಒಂದು ಕಟ್ಟು ಮಾಡಿ ಕೊಡ್ತಾರೆ. ವಿಷದ ಸಾಮಾನು ಪರೀಕ್ಷೆಗೆ ಅಂತ ಇಟ್ಟ ಫೈಲ್‌ಗಳಲ್ಲಿ ಅಡಗಿತ್ತು. ಅಂಥ ಫೈಲ್‌ಗಳು ಕೆಟ್ಟಿರೋ ಹಾಗೆ ಕಾಣೋದು ಸಹಜ, ಯಾರೂ ಅನುಮಾನ ಪಡಲ್ಲ. ಅದನ್ನ ಎಬ್ಬಿಸೋ ಸಾಲುಗಳು ಮಾತ್ರ ಗಿಟ್‌ನಲ್ಲಿ ಇರಲೇ ಇಲ್ಲ, ಕಟ್ಟಿನಲ್ಲಿ ಮಾತ್ರ ಇದ್ವು. ಲೆಡ್ಜರ್ ಒಂದು ಹೇಳುತ್ತೆ, ಬೈಂಡ್ ಮಾಡಿದ ಪುಸ್ತಕದಲ್ಲಿ ಒಂದು ಹಾಳೆ ಜಾಸ್ತಿ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೋರು ಇರ್ಲಿಲ್ಲ.

ಒಬ್ಬ ದಣಿದ ಮನುಷ್ಯ

ಈಗ ನನಗೆ ನಿಜವಾಗಿ ಕಾಡಿದ ಭಾಗಕ್ಕೆ ಬರ್ತೀನಿ.

ಎಕ್ಸ್‌ಝಡ್‌ನ ವರ್ಷಾನುಗಟ್ಟಲೆ ನೋಡ್ಕೊಂಡು ಬಂದವರು ಲಾಸೆ ಕೊಲಿನ್. ಹೆಚ್ಚುಕಮ್ಮಿ ಒಬ್ಬರೇ. ಸಂಬಳ ಇಲ್ಲ. 2021ರ ಕೊನೆಯಲ್ಲಿ ಜಿಯಾ ಟ್ಯಾನ್ ಅನ್ನೋ ಹೆಸರಿನ ಖಾತೆಯಿಂದ ಸಣ್ಣಪುಟ್ಟ ಸಹಾಯ ಬರೋಕೆ ಶುರುವಾಯ್ತು. ಒಳ್ಳೇ ಕೆಲಸವೇ. 2022ರಲ್ಲಿ ಬೇರೆ ಬೇರೆ ಹೆಸರಿನವರು ಬಂದು ಕೊಲಿನ್‌ನ ಚುಚ್ಚೋಕೆ ಶುರು ಮಾಡಿದ್ರು: ಕೆಲಸ ನಿಧಾನ, ನಿಮ್ಮ ಕೈಲಿ ಆಗ್ತಿಲ್ಲ, ಬೇರೆಯವರಿಗೆ ಬಿಟ್ಟುಕೊಡಿ ಅನ್ನೋ ಧಾಟಿ. ಕೊಲಿನ್ ಕೊಟ್ಟ ಉತ್ತರ ಸಾರ್ವಜನಿಕವಾಗಿಯೇ ಇದೆ. ಆಸಕ್ತಿ ಕಳ್ಕೊಂಡಿಲ್ಲ, ಆದ್ರೆ ಬಹುಕಾಲದ ಮಾನಸಿಕ ಆರೋಗ್ಯದ ತೊಂದರೆ ಮತ್ತೆ ಇನ್ನೂ ಕೆಲವು ಕಾರಣಗಳಿಂದ ಹೆಚ್ಚು ಮಾಡೋಕಾಗ್ತಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅನ್ನೋದು ನೆನಪಿರಲಿ ಅಂತ ಅವರು ಬರೆದಿದ್ರು. ಜಿಯಾ ಟ್ಯಾನ್‌ಗೆ ಮುಂದೆ ದೊಡ್ಡ ಪಾತ್ರ ಸಿಗಬಹುದು ಅಂತಲೂ ಸೂಚಿಸಿದ್ರು.

ಸಿಕ್ತು. 2023ರ ಹೊತ್ತಿಗೆ ಆ ಖಾತೆಯೇ ಹೊಸ ಆವೃತ್ತಿಗಳನ್ನ ಬಿಡುಗಡೆ ಮಾಡ್ತಿತ್ತು. 2024ರ ಫೆಬ್ರವರಿಯಲ್ಲಿ ಮೊಟ್ಟೆ ಗೂಡಿಗೆ ಬಿತ್ತು. ಚುಚ್ಚಿದ ಆ ಹೆಸರುಗಳು ಆಮೇಲೆ ಎಲ್ಲೂ ಕಾಣಿಸಲಿಲ್ಲ. ಅವೂ ಅದೇ ಗುಂಪಿನ ಮುಖವಾಡಗಳು ಅನ್ನೋದು ಇದನ್ನ ಅಧ್ಯಯನ ಮಾಡಿದ ಹಲವರ ಅನುಮಾನ. ಜಿಯಾ ಟ್ಯಾನ್ ಯಾರು ಅನ್ನೋದು ಇವತ್ತಿಗೂ ಬಯಲಾಗಿಲ್ಲ.

ಅಂದ್ರೆ ಇಲ್ಲಿ ಮೊದಲು ಮುರಿದಿದ್ದು ಕೋಡ್ ಅಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ಮನುಷ್ಯನ ದಣಿವನ್ನ, ತಪ್ಪಿತಸ್ಥ ಭಾವನೆಯನ್ನ ಬೀಗದ ಕೈ ಮಾಡಿಕೊಂಡ್ರು.

ಇದೇನು ಮೊದಲ ಎಚ್ಚರಿಕೆ ಅಲ್ಲ. ಸರಿಯಾಗಿ ಹತ್ತು ವರ್ಷ ಹಿಂದೆ, 2014ರ ಏಪ್ರಿಲಲ್ಲಿ, ಹಾರ್ಟ್‌ಬ್ಲೀಡ್ ಅನ್ನೋ ದೋಷ ಬಯಲಾಗಿತ್ತು. ವೆಬ್‌ಸೈಟ್‌ಗಳ ಗುಟ್ಟು ಕಾಯೋ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಎರಡು ವರ್ಷದಿಂದ ಕೂತಿದ್ದ ತಪ್ಪು ಅದು. ಅದು ಬೇಕಂತ ಮಾಡಿದ್ದಲ್ಲ, ಕಣ್ತಪ್ಪು. ಆಗ ಜನಕ್ಕೆ ಗೊತ್ತಾಗಿದ್ದು ಏನಂದ್ರೆ, ಇಡೀ ಇಂಟರ್ನೆಟ್ ನಂಬಿಕೊಂಡಿದ್ದ ಆ ಪ್ರಾಜೆಕ್ಟ್‌ಗೆ ಬರ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್, ಪೂರ್ಣಾವಧಿ ಕೆಲಸ ಮಾಡೋರು ಒಬ್ಬರು. ದೊಡ್ಡ ಕಂಪನಿಗಳು ಎಚ್ಚೆತ್ತು ಲಿನಕ್ಸ್ ಫೌಂಡೇಶನ್ ಮೂಲಕ ಹಣ ಸೇರಿಸಿದ್ವು. ಆದ್ರೆ ಬೆಳಕು ಬಿದ್ದಿದ್ದು ದೊಡ್ಡ ಹೆಸರುಗಳ ಮೇಲೆ. ಮೂಲೆಯಲ್ಲಿ ಫೈಲ್ ಕುಗ್ಗಿಸ್ತಾ ಕೂತವರ ಕಡೆ ಯಾರೂ ತಿರುಗಲಿಲ್ಲ.

ಹಾಗಾದ್ರೆ ಮುಕ್ತ ತಂತ್ರಾಂಶ ಸೋತಿತಾ?

ಈ ಪ್ರಶ್ನೆ ನನ್ನ ಗೆಳೆಯನೊಬ್ಬನಿಗೆ ಕೇಳಿದೆ. ಅವನು ಸರ್ವರ್‌ಗಳನ್ನ ನೋಡ್ಕೊಳ್ಳೋ ಟೆಕ್ನಿಷಿಯನ್. "ಕೋಡ್ ತೆರೆದಿತ್ತು, ಅದಕ್ಕೇ ಫ್ರಾಯಿಂಡ್ ತನ್ನ ಕೆಲಸಕ್ಕೆ ಸಂಬಂಧವೇ ಇಲ್ಲದ ತಂತ್ರಾಂಶದ ಒಳಗೆ ಕೈ ಹಾಕಿ ನೋಡೋಕಾಯ್ತು. ಮುಚ್ಚಿದ್ದಾಗಿದ್ರೆ ಕಂಪನಿಗೆ ದೂರು ಕಳಿಸಿ ಕಾಯ್ತಾ ಕೂರಬೇಕಿತ್ತು" ಅಂದ. ಒಪ್ಪಿದೆ. ಆದ್ರೆ ಬಾಗಿಲು ತೆರೆದಿದೆ ಅಂದ ಮಾತ್ರಕ್ಕೆ ಯಾರೋ ಒಳಗೆ ನೋಡಿದ್ದಾರೆ ಅಂತ ಅರ್ಥ ಅಲ್ಲ. 1986ರ ಇಮ್ಯಾಕ್ಸ್ ಕೂಡ ತೆರೆದೇ ಇತ್ತಲ್ಲ? ಆಡಿಟ್‌ಗೆ ಪುಸ್ತಕ ತೆರೆದಿಟ್ರೆ ಸಾಲದು, ಆಡಿಟರ್ ಬರಬೇಕು, ಕೂತು ಓದಬೇಕು. ಅಕೌಂಟ್ಸಲ್ಲಿ ಇನ್ನೊಂದು ನಿಯಮ ಇದೆ. ಹಣ ಮುಟ್ಟೋನು ಮತ್ತು ಲೆಕ್ಕ ಬರೆಯೋನು ಒಬ್ಬನೇ ಆಗಬಾರದು. ಎಕ್ಸ್‌ಝಡ್‌ನಲ್ಲಿ ಬರೆಯೋದು, ಪರೀಕ್ಷಿಸೋದು, ಕಟ್ಟು ಕಟ್ಟಿ ಕೊಡೋದು ಎಲ್ಲ ಕೊನೆಗೆ ಒಂದೇ ಕೈಗೆ ಹೋಗಿತ್ತು.

ಸಮಾಧಾನದ ವಿಷಯ ಅಂದ್ರೆ, ವಿಷ ತಲುಪಿದ್ದು ಹೆಚ್ಚಾಗಿ ಪರೀಕ್ಷಾ ಹಂತದ ಅಥವಾ ದಿನದಿನವೂ ಹೊಸದಾಗೋ ಲಿನಕ್ಸ್‌ಗಳಿಗೆ: ಡೆಬಿಯನ್‌ನ ಅನ್‌ಸ್ಟೇಬಲ್, ಫೆಡೋರಾದ ಪರೀಕ್ಷಾ ಆವೃತ್ತಿ, ಓಪನ್‌ಸೂಸೆ ಟಂಬಲ್‌ವೀಡ್, ಹೀಗೆ. ಉಬುಂಟು 24.04ರ ಬೀಟಾ ಬಿಡುಗಡೆಯನ್ನ ಒಂದು ವಾರ ಮುಂದೂಡಿ ಎಲ್ಲವನ್ನೂ ಹೊಸದಾಗಿ ಕಟ್ಟಿದ್ರು. ಇನ್ನು ಕೆಲವು ತಿಂಗಳು ಯಾರೂ ಗಮನಿಸದೇ ಇದ್ದಿದ್ರೆ ಅದು ಸ್ಥಿರ ಆವೃತ್ತಿಗಳ ಜೊತೆ ಲೆಕ್ಕವಿಲ್ಲದಷ್ಟು ಸರ್ವರ್‌ಗಳ ಒಳಗೆ ಇಳಿದಿರ್ತಿತ್ತು.

ನಿಮ್ಮಲ್ಲಿ ಕೆಲವರು ಕೇಳಬಹುದು, ಅಪ್‌ಡೇಟ್‌ನಲ್ಲೇ ವಿಷ ಬರೋದಾದ್ರೆ ನಾವು ಫೋನ್ ಅಪ್‌ಡೇಟ್ ಮಾಡೋದೇ ಬೇಡ್ವಾ ಅಂತ. ಖಂಡಿತ ಮಾಡಿ. ಇಂಥ ಘಟನೆ ಅಪರೂಪ. ಅಪ್‌ಡೇಟ್ ಮಾಡದೇ ಬಿಟ್ಟ ಹಳೇ ತೂತಿನಿಂದ ನುಗ್ಗೋದು ದಿನನಿತ್ಯದ ಮಾತು. ಎಕ್ಸ್‌ಝಡ್ ಸಿಕ್ಕಿಬಿದ್ದಾಗ್ಲೂ ಪರಿಹಾರ ತಲುಪಿದ್ದು ಅಪ್‌ಡೇಟ್ ಮೂಲಕವೇ.

ಜಾಗ ಖಾಲಿ ಮಾಡಿ ಅಂತ ಚುಚ್ಚಿಸಿಕೊಂಡ ಲಾಸೆ ಕೊಲಿನ್ ಆಮೇಲೆ ಏನು ಮಾಡಿದ್ರು ಗೊತ್ತಾ? ವಾಪಸ್ ಬಂದ್ರು. ಕೂತು ಒಂದೊಂದೇ ಬದಲಾವಣೆಯನ್ನ ಪರಿಶೀಲಿಸಿ, ಕಸ ತೆಗೆದು, 2024ರ ಮೇ ಕೊನೆಯಲ್ಲಿ ಶುದ್ಧವಾದ 5.6.2 ಆವೃತ್ತಿ ಕೊಟ್ರು.

ಮುಂದಿನ ಸಲ ಉಚಿತ ಆ್ಯಪ್ ಒಂದಕ್ಕೆ "ಏನ್ರೀ, ಇನ್ನೂ ಸರಿ ಮಾಡಿಲ್ವಾ" ಅಂತ ಒಂದು ಸ್ಟಾರ್ ಕೊಡೋ ಮೊದಲು ಆ ಕಡೆ ಯಾರು ಕೂತಿರಬಹುದು ಅಂತ ಒಂದು ಕ್ಷಣ ಯೋಚಿಸಿ. ಅರ್ಧ ಸೆಕೆಂಡಾದ್ರೂ ಸಾಕು.