ಕೊಲ್ಲದ ಕೋವಿ

ಫೋಟೋಗ್ರಾಫಿಗೆ ನಾವು ಛಾಯಾಚಿತ್ರಣವೆಂದು ಹೆಸರಿಟ್ಟಿದ್ದೇವೆ. ಛಾಯೆಯೆಂದರೆ ನೆರಳು. ಹಾರುವ ಹಕ್ಕಿಯನ್ನು ಚಿತ್ರದಲ್ಲಿ ಹಿಡಿಯಹೊರಟ ಮೊದಲಿಗರ ಮಟ್ಟಿಗೆ ಈ ಹೆಸರು ಅಕ್ಷರಶಃ ನಿಜವಾಯಿತು.

ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೆ (೧೮೩೦–೧೯೦೪) ಹಕ್ಕಿಯ ರೆಕ್ಕೆ ಗಾಳಿಯಲ್ಲಿ ಆಡುವ ಬಗೆಯನ್ನು ಬಹುಕಾಲದಿಂದ ಶೋಧಿಸುತ್ತಿದ್ದನು. ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ ತೆಗೆದಿದ್ದ ಓಡುವ ಕುದುರೆಯ ಚಿತ್ರಗಳನ್ನು ೧೮೭೮ರ ಡಿಸೆಂಬರಿನಲ್ಲಿ ಪತ್ರಿಕೆಯೊಂದರಲ್ಲಿ ಕಂಡು ಬೆರಗಾದನು. ಹಕ್ಕಿಯ ಹಾರಾಟಕ್ಕೂ ಇದೇ ಉಪಾಯ ಒದಗಬಾರದೇ ಎಂದು ಆ ಪತ್ರಿಕೆಗೆ ಬರೆದನು. ೧೮೮೧ರಲ್ಲಿ ಪ್ಯಾರಿಸಿಗೆ ಬಂದ ಮೈಬ್ರಿಜ್ ಪಾರಿವಾಳಗಳ ಚಿತ್ರಗಳನ್ನು ತಂದು ತೋರಿಸಿದನು. ಮಾರೆಗೆ ತೃಪ್ತಿಯಾಗಲಿಲ್ಲ. ರೆಕ್ಕೆಯ ಒಂದು ನಿಲುವೇನೋ ಅಲ್ಲಿತ್ತು. ಅದು ಮುಂದಿನ ನಿಲುವಿಗೆ ಸಾಗಿದ ಕ್ರಮವಿರಲಿಲ್ಲ.

ಕೊರತೆಯನ್ನು ಕಂಡವನು ಸುಮ್ಮನೆ ಕೂಡಲಿಲ್ಲ. ೧೮೮೨ರಲ್ಲಿ ಕೋವಿಯ ಆಕಾರದ ಕ್ಯಾಮೆರಾ ಒಂದನ್ನು ಮಾಡಿಸಿದನು. ಗುರಿಯಿಟ್ಟು ಕುದುರೆ ಎಳೆದರೆ ಒಳಗಿನ ಗಾಜಿನ ಫಲಕ ತಿರುಗುತ್ತ ಸೆಕೆಂಡಿಗೆ ಹನ್ನೆರಡು ಚಿತ್ರಗಳನ್ನು ಹಿಡಿಯುತ್ತಿತ್ತು. ಒಂದೊಂದಕ್ಕೆ ಸೆಕೆಂಡಿನ ೭೨೦ರಲ್ಲಿ ಒಂದು ಪಾಲು ಬೆಳಕು. ನೇಪಲ್ಸಿನ ಕಡಲಹಕ್ಕಿಗಳು ಈ ಕೋವಿಗೆ ಗುರಿಯಾದವು, ಒಂದೂ ಸಾಯಲಿಲ್ಲ.

ಕ್ರಮವೇನೋ ದೊರೆಯಿತು. ಆದರೆ ಹೊಳೆಯುವ ಆಕಾಶದ ಮುಂದೆ ಹಕ್ಕಿ ಬರಿಯ ಕಪ್ಪು ಆಕೃತಿ. ಗರಿಯಿಲ್ಲ, ಮೈಯುಬ್ಬಿಲ್ಲ. ಪರರ ಚಿತ್ರಗಳಿಗೆ ಹಿಡಿದ ಒರೆಗಲ್ಲನ್ನು ಮಾರೆ ತನ್ನವಕ್ಕೂ ಹಿಡಿದನು. ಪ್ಯಾರಿಸಿನ ತನ್ನ ಪ್ರಯೋಗಶಾಲೆಯಲ್ಲಿ ಕಪ್ಪು ಹಿನ್ನೆಲೆ ನಿಲ್ಲಿಸಿ, ಅದರ ಮುಂದೆ ಬಿಸಿಲಿನಲ್ಲಿ ಬಿಳಿಯ ಹಕ್ಕಿಗಳನ್ನು ಹಾರಿಸಿದನು. ನೆರಳು ಹಕ್ಕಿಯನ್ನು ಬಿಟ್ಟು ಹಿಂದಕ್ಕೆ ಸರಿಯಿತು. ರೆಕ್ಕೆಯ ಬಾಗು ಬೆಳಗಿತು. ಒಂದೇ ಫಲಕದಲ್ಲಿ ಚಿತ್ರಗಳು ಒಂದರ ಮೇಲೊಂದು ಬೀಳುತ್ತಿದ್ದ ತೊಡಕನ್ನು ನೀಗಲು ೧೮೮೮ರಲ್ಲಿ ಸರಿಯುವ ಕಾಗದದ ಸುರುಳಿಯನ್ನು ಬಳಸಿದನು. ೧೮೯೦ರಲ್ಲಿ ಹಕ್ಕಿಗಳ ಹಾರಾಟವನ್ನು ಕುರಿತ ಅವನ ಗ್ರಂಥ ಹೊರಬಂದಿತು. ಮೈಬ್ರಿಜ್ಜನೂ ಹಿಂದುಳಿಯಲಿಲ್ಲ, ೧೮೮೭ರಲ್ಲಿ ಪ್ರಕಟವಾದ ಅವನ ೭೮೧ ಫಲಕಗಳ ಮಹಾಸಂಗ್ರಹದಲ್ಲಿ ಹಾರುವ ಹಕ್ಕಿಗಳು ಕ್ರಮವಾಗಿಯೇ ಸಾಲುಗೊಂಡಿವೆ.

ಇಂದು ಹವ್ಯಾಸಿಗಳು ಕಂಪ್ಯೂಟರಿನಲ್ಲಿಯೇ ನೆರಳನ್ನು ತಿಳಿಗೊಳಿಸುತ್ತಾರೆ. ಅನುಕೂಲ ದೊಡ್ಡದು. ಆದರೆ ಬೆಳಕು ಬರೆಯದೇ ಬಿಟ್ಟ ಗರಿಯನ್ನು ಆಮೇಲೆ ಮೂಡಿಸಿದರೆ ಅದು ಚಿತ್ರಕಾರನ ಊಹೆಯೇ ಹೊರತು ಹಕ್ಕಿಯ ಸಾಕ್ಷ್ಯವಲ್ಲ. ಚಿತ್ರ ತೋರಿಸಿದವರಿಗೆ “ಬಹಳ ಚೆನ್ನಾಗಿದೆ” ಎಂದುಬಿಡುವುದು ಸುಲಭ. ಇಲ್ಲಿ ಏನು ಕಾಣುತ್ತಿಲ್ಲ ಎಂದು ಹೇಳುವವನೇ ಅವರಿಗೆ ನಿಜವಾದ ಉಪಕಾರಿ.