ಕರಾವಳಿಯಲ್ಲಿ ಬೆಳೆಯದ ಜರ್ಮನ್ ಮಕ್ಕಳು

ಸಂತೆಕಟ್ಟೆ, ಕಲ್ಯಾಣಪುರದ ಸುತ್ತಮುತ್ತ ಹಂಚಿನ ಮಾಡಿನ ಹಳೆಯ ಮನೆಗಳು ಇನ್ನೂ ಉಳಿದಿವೆ. ಈ ಮಂಗಳೂರು ಹಂಚಿನ ಉದ್ಯಮಕ್ಕೆ ಬುನಾದಿ ಹಾಕಿದವರು ಬಾಸೆಲ್ ಮಿಷನ್‌ನ ಜರ್ಮನರು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಮೊದಲ ಕಾರ್ಖಾನೆ ತೆರೆದರು. ಮುಂದೆ ನಮ್ಮ ಮಲ್ಪೆಯಲ್ಲೂ ಒಂದು ಕಾರ್ಖಾನೆ ಬಂತು. ಹಂಚು ಉಳಿಯಿತು, ಕಿಟ್ಟೆಲರ 1894ರ ನಿಘಂಟು ಉಳಿಯಿತು. ಆದರೆ ಆ ಜರ್ಮನರ ಸಂತತಿಯ ಒಂದು ಊರಾದರೂ ಇಲ್ಲಿ ಏಕೆ ಉಳಿಯಲಿಲ್ಲ?

ಜರ್ಮನ್ ರೈತರು ವಲಸೆಗೆ ಹೊಸಬರಲ್ಲ. 1763ರಲ್ಲಿ ರಷ್ಯಾದ ರಾಣಿ ಕ್ಯಾಥರೀನ್ ಕರೆ ನೀಡಿದಾಗ ಸಾವಿರಾರು ಮಂದಿ ವೋಲ್ಗಾ ನದಿಯ ದಡಕ್ಕೆ ಹೋದರು. 1824ರಿಂದ ದಕ್ಷಿಣ ಬ್ರೆಝಿಲ್‌ನಲ್ಲೂ ನೆಲೆಯೂರಿದರು. ಅಲ್ಲಿ ಮಕ್ಕಳು ಹೆತ್ತವರೊಂದಿಗೆ ಹೊಲದಲ್ಲೇ ಬೆಳೆದರು. ತಲೆಮಾರುಗಳ ಕಾಲ ಭಾಷೆ, ಶಾಲೆ, ಚರ್ಚು ಉಳಿದವು.

1834ರಲ್ಲಿ ಮಂಗಳೂರಿಗೆ, 1854ರಲ್ಲಿ ಉಡುಪಿಗೆ ಬಂದ ಮಿಷನರಿಗಳಲ್ಲೂ ಅನೇಕರು ವುರ್ಟೆಂಬರ್ಗ್ ಪ್ರಾಂತದ ರೈತರ, ಕುಶಲಕರ್ಮಿಗಳ ಮನೆಯವರೇ. ಆದರೆ ಅವರು ಇಲ್ಲಿ ತಮಗಾಗಿ ಉಳುಮೆ ಮಾಡಲಿಲ್ಲ. ಮತಾಂತರಗೊಂಡು ಮನೆ, ಗೇಣಿ ಕಳೆದುಕೊಂಡವರಿಗಾಗಿ ಮಿಷನ್ ಭೂಮಿ ಕೊಂಡಿತು. ಬೇಸಾಯವೊಂದರಿಂದಲೇ ಎಲ್ಲರ ಹೊಟ್ಟೆ ತುಂಬದಾದಾಗ ಮಗ್ಗ, ಹಂಚು ಬಂದವು.

ಅವರ ಮಕ್ಕಳ ಗತಿ ಮಾತ್ರ ಕರುಣಾಜನಕ. ಇಲ್ಲಿನ ಹವೆ, ಜ್ವರ, ಶಾಲೆಯ ಕೊರತೆ, ಪರಧರ್ಮದ ಪ್ರಭಾವದ ಭಯ. ಇವೆಲ್ಲದರಿಂದಾಗಿ ಎಳೆಯ ಮಕ್ಕಳನ್ನು ಯುರೋಪಿಗೆ ಕಳುಹಿಸುವುದು ವಾಡಿಕೆಯಾಯಿತು. ಅದಕ್ಕೆಂದೇ ಬಾಸೆಲಿನಲ್ಲಿ ಮಕ್ಕಳ ಮನೆಯೊಂದನ್ನು ತೆರೆಯಲಾಯಿತು. ಮಲಯಾಳಂ ನಿಘಂಟು ರಚಿಸಿದ ಹರ್ಮನ್ ಗುಂಡರ್ಟರ ಮಗಳು ಮರಿಯ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಚಿಕ್ಕಂದಿನಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಬಂದರು. ಅವಳು ಹೆತ್ತವರ ಬಳಿಗೆ ಮರಳಿದ್ದು 1857ರಲ್ಲಿ. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಸಾಹಿತಿ ಹರ್ಮನ್ ಹೆಸ್ಸೆ ಇವಳದೇ ಮಗ.

ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಜರ್ಮನರನ್ನು ಶತ್ರುಗಳೆಂದು ಬಂಧಿಸಿದರು. ಕಾರ್ಖಾನೆಗಳು ಕೈತಪ್ಪಿದವು. ನೆಲದಲ್ಲಿ ಬೇರು ಬಿಡದಿದ್ದವರು ಸುಲಭವಾಗಿ ಹೊರಟುಹೋಗಬೇಕಾಯಿತು.

ಇದೇ ಕಡಲತೀರಕ್ಕೆ ಅರಬ್ ವ್ಯಾಪಾರಿಗಳೂ ಬಂದಿದ್ದರು. ಅವರು ಇಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾದರು, ಅವರ ಮಕ್ಕಳು ತಾಯಿಯ ಮಾತಿನಲ್ಲೇ ಬೆಳೆದರು ಎಂಬುದು ಕರಾವಳಿಯ ಮುಸ್ಲಿಮರಲ್ಲಿ ನಡೆದುಬಂದ ನೆನಪು. ನವಾಯತರ ಮಾತಿಗೆ ಕೊಂಕಣಿಯ ನಂಟಿದೆ, ಬ್ಯಾರಿ ಭಾಷೆಗೆ ಮಲಯಾಳಂ, ತುಳುವಿನ ನಂಟಿದೆ. ಮಕ್ಕಳು ಮಣ್ಣಿನಲ್ಲಿ ಆಡಿ ಬೆಳೆದ ಕಡೆ ಬಂದವರು ಊರಿನವರಾಗುತ್ತಾರೆ. ಮಕ್ಕಳನ್ನು ದೂರ ಕಳುಹಿಸಿದ ಕಡೆ ಎಷ್ಟೇ ಸೇವೆ ಮಾಡಿದರೂ ಅತಿಥಿಗಳಾಗಿಯೇ ಉಳಿಯುತ್ತಾರೆ.

ಮಿಷನರಿಯ ಮಗಳ ಅಗಲಿಕೆಯ ನೋವು ನಮಗೆ ಅಪರಿಚಿತವೇನಲ್ಲ. ತಂದೆ ಗಲ್ಫ್‌ನಲ್ಲಿ, ಮಕ್ಕಳು ಊರಿನಲ್ಲಿ ಎಂಬ ಸ್ಥಿತಿಯನ್ನು ನಮ್ಮ ಎಷ್ಟೋ ಮನೆಗಳು ಕಂಡಿವೆ. ತಂದೆ ಅಲ್ಲಿ ಎಷ್ಟು ವರ್ಷ ದುಡಿದರೂ ಅದು ಅವರ ಊರಾಗುವುದಿಲ್ಲ. ರಜೆಯಲ್ಲಿ ಬಂದಾಗ ಅವರನ್ನು ಕಂಡು ತಾಯಿಯ ಸೆರಗಿನ ಹಿಂದೆ ಅಡಗುವ ಮಗುವಿಗೆ ಅವರೂ ಒಬ್ಬ ಅತಿಥಿಯೇ. ಹಂಚಿನ ಮಾಡಿನಡಿ ಬದುಕಿದ ನಾವು ಅದನ್ನು ತಂದವರ ಸಾಧನೆಯನ್ನಷ್ಟೇ ಅಲ್ಲ, ಅವರ ಮಕ್ಕಳು ತೆತ್ತ ಬೆಲೆಯನ್ನೂ ನೆನೆಯಬೇಕು.