ಅಚ್ಚಿನೊಳಗೆ ಗಟ್ಟಿಗೊಳ್ಳುವ ಪ್ಲಾಸ್ಟಿಕ್ಕೂ ಶ್ರವಣಾತೀತ ಧ್ವನಿಯೂ

ಸಿಮೆಂಟಿಗೆ ಹೆಸರಾದ ಮದುಕ್ಕರೈಯಲ್ಲಿ ಗಟ್ಟಿಗೊಳ್ಳುವಿಕೆ ಎಂದರೇನೆಂದು ಯಾರಿಗೂ ವಿವರಿಸಬೇಕಿಲ್ಲ. ನೀರು ಬೆರೆತು ಒಮ್ಮೆ ಗಟ್ಟಿಯಾದ ಸಿಮೆಂಟು ಮತ್ತೆ ಹಿಟ್ಟಾಗದು. ನಮ್ಮ ಮಕ್ಕಳು ವಿಜ್ಞಾನ ಪಾಠದಲ್ಲಿ ಓದುವ ಥರ್ಮೋಸೆಟ್ಟಿಂಗ್ ಪ್ಲಾಸ್ಟಿಕ್ಕಿನ ಗುಣವೂ ಅಂಥದ್ದೇ. ಲಿಯೋ ಬೇಕ್‌ಲ್ಯಾಂಡ್ 1909ರಲ್ಲಿ ಜಗತ್ತಿಗೆ ತಿಳಿಸಿದ ಬೇಕಲೈಟ್, ಮೆಲಮೈನ್ ತಟ್ಟೆ, ಕುಕ್ಕರಿನ ಹಿಡಿ ಇವೆಲ್ಲ ಈ ಜಾತಿಗೆ ಸೇರಿದವು. ಬೇಕಲೈಟಿನ ಪುಡಿಯನ್ನು ಸುಮಾರು 150ರಿಂದ 180 ಡಿಗ್ರಿ ಸೆಲ್ಸಿಯಸ್ ಬಿಸಿಯ ಅಚ್ಚಿನಲ್ಲಿ ಒತ್ತಿದಾಗ ಅದು ಮೊದಲು ಕರಗಿ ಹರಿಯುತ್ತದೆ. ಬಳಿಕ ಅಣುಗಳು ಅಡ್ಡಬಂಧಗಳಿಂದ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಕರಗದು, ಕರಿಕಾಗುತ್ತದೆ ಅಷ್ಟೆ.

ಆದರೆ ಮುಚ್ಚಿದ ಅಚ್ಚನ್ನು ತೆರೆಯುವುದು ಯಾವಾಗ? ಅರೆಬೆಂದ ಸ್ವಿಚ್ಚು ಹೊರನೋಟಕ್ಕೆ ನಿರ್ದೋಷಿಯಂತೆಯೇ ಕಾಣಬಹುದು. ಬಳಕೆಯಲ್ಲಿ ಬಿಸಿ ತಗುಲಿದಾಗ ಉಬ್ಬುತ್ತದೆ, ಬಿರಿಯುತ್ತದೆ. ಅತಿಯಾಗಿ ಕಾದರೆ ವಿದ್ಯುತ್ತೂ ಯಂತ್ರದ ಹೊತ್ತೂ ವ್ಯರ್ಥ. ಸಾಮಾನ್ಯವಾಗಿ ಗಡಿಯಾರವನ್ನೇ ನಂಬುವುದು ರೂಢಿ. ಪುಡಿ ಹಳೆಯದೋ, ತೇವ ಹಿಡಿದಿದೆಯೋ ಎಂಬುದು ಗಡಿಯಾರಕ್ಕೆ ತಿಳಿಯದು.

ಸಂತೆಯಲ್ಲಿ ಮಡಕೆಯನ್ನು ತಟ್ಟಿ ಕೊಳ್ಳುವ ಹಿರಿಯರ ಉಪಾಯವೇ ಇಲ್ಲಿ ಸೂಕ್ಷ್ಮ ರೂಪ ತಾಳಿದೆ. ಅಚ್ಚಿನ ಒಂದು ಬದಿಯಿಂದ ಸೆಕೆಂಡಿಗೆ ಹತ್ತಾರು ಲಕ್ಷ ಕಂಪನಗಳ ಧ್ವನಿಮಿಡಿತವನ್ನು ಕಳುಹಿಸಿ, ಅದು ಎದುರು ಬದಿ ಮುಟ್ಟುವ ಸಮಯವನ್ನು ಅಳೆಯುತ್ತಾರೆ. ಉದಾಹರಣೆಗೆ ಎಪಾಕ್ಸಿ ರಾಳ ದ್ರವವಾಗಿರುವಾಗ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಗಟ್ಟಿಯಾದಾಗ 2500 ಮೀಟರಿನ ಆಸುಪಾಸು. 6 ಮಿಲಿಮೀಟರ್ ದಪ್ಪವನ್ನು ದಾಟಲು ಮೊದಲು 4 ಮೈಕ್ರೋಸೆಕೆಂಡ್, ಕೊನೆಗೆ 2.4. ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ.

ರಾಳ ಬಿಸಿಯೇರಿ ತೆಳುವಾಗುವಾಗ ವೇಗ ತುಸು ಇಳಿಯುತ್ತದೆ, ಹೆಣಿಗೆ ಆರಂಭವಾದೊಡನೆ ಏರುತ್ತದೆ. ನಡುವೆ ಒಂದು ಘಟ್ಟದಲ್ಲಿ ರಾಳವು ಧ್ವನಿಯನ್ನು ಅತಿ ಹೆಚ್ಚು ಹೀರಿಕೊಳ್ಳುತ್ತದೆ. ಕಡೆಗೆ ವೇಗ ಸ್ಥಿರವಾಗಿ ನಿಂತಾಗ ಅಚ್ಚು ತೆರೆಯಬಹುದು. ಆದರೂ ಎಚ್ಚರ ಬೇಕು: ಅಚ್ಚಿನ ಬಿಸಿ ಸಾಲದಿದ್ದರೆ ರಾಳ ಅರ್ಧಕ್ಕೇ ಗಾಜಿನಂತೆ ಬಿಗಿದು ನಿಂತು, ವೇಗದ ಏರಿಕೆಯೂ ಅಲ್ಲಿಗೇ ನಿಲ್ಲಬಹುದು. ಆದ್ದರಿಂದ ಉಷ್ಣಮಾಪಕ ಜೊತೆಗಿರಲೇಬೇಕು. ಧ್ವನಿ ಸಂವೇದಕಗಳು ಇಷ್ಟು ಬಿಸಿಯನ್ನು ತಾಳಲಾರವಾದರೆ ನಡುವೆ ಲೋಹದ ಸರಳನ್ನಿಟ್ಟು, ಅದನ್ನು ದಾಟುವ ಸಮಯವನ್ನು ಲೆಕ್ಕದಿಂದ ಕಳೆಯುತ್ತಾರೆ.

ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯು ತೇಜಸ್ ವಿಮಾನಕ್ಕಾಗಿ ರೂಪಿಸಿದಂಥ ಕಾರ್ಬನ್ ನಾರಿನ ಭಾಗಗಳು ಗಟ್ಟಿಯಾದ ಬಳಿಕ, ಒಳದೋಷ ಹುಡುಕಲು ಇದೇ ಧ್ವನಿ ನೆರವಾಗುತ್ತದೆ. ನಮ್ಮೂರ ಸಿಮೆಂಟಿನ ಕಾಂಕ್ರೀಟಿಗೂ ಅದೇ ಪರೀಕ್ಷೆ. ಹಿಂದೆ ಜಾರಿಯಲ್ಲಿದ್ದ 1992ರ ಭಾರತೀಯ ಮಾನಕ 13311ರಂತೆ ಸೆಕೆಂಡಿಗೆ 4.5 ಕಿಲೋಮೀಟರಿಗೂ ಹೆಚ್ಚು ವೇಗ ಕಂಡರೆ ಅತ್ಯುತ್ತಮ, 3 ಕಿಲೋಮೀಟರಿಗಿಂತ ಕಡಿಮೆಯಾದರೆ ಸಂದೇಹಾಸ್ಪದ ಎಂದು ಎಣಿಸಲಾಗುತ್ತಿತ್ತು.